ಆಗಮನ ಕಾಲ: ಹಬ್ಬಕ್ಕೆ ಮುಂಚಿನ ನಾಲ್ಕು ವಾರ



ಕ್ರಿಸ್‌ಮಸ್ ಎಂದರೆ ಡಿಸೆಂಬರ್ 25 ಎಂಬುದು ಎಲ್ಲರಿಗೂ ಗೊತ್ತು. ಆ ಹಬ್ಬದ ನಕ್ಷತ್ರ, ಗೋದಲಿ, ಕೇಕು, ನಡುರಾತ್ರಿಯ ಬಲಿಪೂಜೆ ಯಾವುದೂ ನಮ್ಮ ಊರುಗಳಿಗೆ ಅಪರಿಚಿತವಲ್ಲ. ಆದರೆ ಹಬ್ಬಕ್ಕೆ ಮುಂಚೆ ಸುಮಾರು ನಾಲ್ಕು ವಾರಗಳ ಒಂದು ಕಾಲವಿದೆ, ಕಥೋಲಿಕ ಧರ್ಮಸಭೆಯ ಹೊಸ ವರ್ಷ ಆರಂಭವಾಗುವುದೇ ಆ ಕಾಲದಿಂದ ಎಂಬ ಸಂಗತಿ ಕ್ರೈಸ್ತರಲ್ಲದವರಿಗೆ ಅಷ್ಟಾಗಿ ತಿಳಿದಿಲ್ಲ. ಕ್ರೈಸ್ತರಲ್ಲಿಯೂ ಅನೇಕರಿಗೆ ಅದು ಬಟ್ಟೆ ಕೊಳ್ಳುವ, ತಿಂಡಿ ಕರಿಯುವ, ಮನೆಗೆ ಸುಣ್ಣ ಬಳಿಯುವ ಗಡಿಬಿಡಿಯ ಕಾಲ. ಕನ್ನಡದಲ್ಲಿ ಅದಕ್ಕೆ ಆಗಮನ ಕಾಲ ಎಂದು ಹೆಸರು. ಆ ನಾಲ್ಕು ವಾರಗಳು ಹೇಗೆ ರೂಪುಗೊಂಡವು, ಮನುಷ್ಯನಿಂದ ಅವು ಏನನ್ನು ಕೇಳುತ್ತವೆ ಎಂಬುದನ್ನು ನಿಮ್ಮ ಮುಂದೆ ಇಡಲು ಪ್ರಯತ್ನಿಸುತ್ತೇನೆ.

ಮೊದಲು ಹೆಸರಿನಿಂದಲೇ ಆರಂಭಿಸೋಣ. ಲ್ಯಾಟಿನ್ ಭಾಷೆಯಲ್ಲಿ ಈ ಕಾಲಕ್ಕೆ 'ಅದ್ವೆಂತುಸ್' ಎನ್ನುತ್ತಾರೆ. 'ಅದ್' ಎಂದರೆ ಕಡೆಗೆ, 'ವೆನಿರೆ' ಎಂದರೆ ಬರುವುದು. ನಮ್ಮ 'ಆಗಮನ' ಶಬ್ದದ ರಚನೆಯೂ ಹೀಗೆಯೇ ಇದೆ. ಅಷ್ಟೇ ಅಲ್ಲ, ಲ್ಯಾಟಿನ್ನಿನ 'ವೆನಿರೆ' ಮತ್ತು ಸಂಸ್ಕೃತದ 'ಗಮ್' ಧಾತು ಇವೆರಡೂ ಒಂದೇ ಪ್ರಾಚೀನ ಮೂಲದಿಂದ ಬಂದವು ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಹೀಗಾಗಿ ಈ ಅನುವಾದ ಅರ್ಥದಲ್ಲೂ ಹೊಂದುತ್ತದೆ, ವಂಶದಲ್ಲೂ ಹೊಂದುತ್ತದೆ.

ಕ್ರೈಸ್ತರು ಈ ಶಬ್ದವನ್ನು ಎತ್ತಿಕೊಳ್ಳುವ ಮುಂಚೆ ಅದು ರಾಜಕಾರಣದ ಶಬ್ದವಾಗಿತ್ತು. ರೋಮ್ ಸಾಮ್ರಾಜ್ಯದಲ್ಲಿ ಚಕ್ರವರ್ತಿ ಒಂದು ನಗರಕ್ಕೆ ವಿಧಿಪೂರ್ವಕವಾಗಿ ಪ್ರವೇಶಿಸುವುದಕ್ಕೆ 'ಅದ್ವೆಂತುಸ್' ಎನ್ನುತ್ತಿದ್ದರು. ಪಟ್ಟಣದ ಜನ ಊರ ಹೊರಗೆ ಬಂದು ಎದುರುಗೊಳ್ಳಬೇಕು; ಬೀದಿಗಳು ಸಿಂಗಾರಗೊಳ್ಳಬೇಕು. ಇಂಥ ಭೇಟಿಗಳ ನೆನಪಿಗಾಗಿ ನಾಣ್ಯಗಳನ್ನೂ ಟಂಕಿಸುತ್ತಿದ್ದರು. ಕ್ರಿ.ಶ. 117ರಿಂದ 138ರವರೆಗೆ ಆಳಿದ ಹೇಡ್ರಿಯನ್ ಚಕ್ರವರ್ತಿಯು ತಾನು ಪ್ರಾಂತಗಳಿಗೆ ಭೇಟಿಯಿತ್ತುದನ್ನು ಸಾರುವ ಇಂಥ ನಾಣ್ಯಗಳನ್ನು ಹೊರಡಿಸಿದ. ಅವುಗಳಲ್ಲಿ ಯೇಸುವಿನ ನಾಡಾದ ಯೂದಾಯದ ಹೆಸರು ಹೊತ್ತ ನಾಣ್ಯವೂ ಇದೆ. ಚಕ್ರವರ್ತಿಯ ಮೆರವಣಿಗೆಗೆ ಸಲ್ಲುತ್ತಿದ್ದ ಇದೇ ಶಬ್ದವನ್ನು ಕ್ರೈಸ್ತರು ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿಗೆ ಬಳಸಿದರು. ಅದರ ಹಿಂದಿನ ದಿಟ್ಟತನವನ್ನು ನಾವು ಇಂದು ಸುಲಭವಾಗಿ ಮರೆಯುತ್ತೇವೆ.

ಈಗ ಚರಿತ್ರೆ. ಡಿಸೆಂಬರ್ 25ರಂದು ಕ್ರಿಸ್ತಜಯಂತಿ ಆಚರಿಸುತ್ತಿದ್ದುದಕ್ಕೆ ರೋಮಿನಲ್ಲಿ 4ನೆಯ ಶತಮಾನದ ನಡುಭಾಗದ ದಾಖಲೆ ಸಿಗುತ್ತದೆ. ಹಬ್ಬಕ್ಕೆ ಸಿದ್ಧತೆಯ ಕಾಲ ಮಾತ್ರ ಒಂದೇ ಕಡೆ, ಒಂದೇ ಸಲ ಹುಟ್ಟಿದ್ದಲ್ಲ. ಕ್ರಿ.ಶ. 380ರಲ್ಲಿ ಸ್ಪೇನಿನ ಸಾರಗೋಸಾದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆಯು, ಡಿಸೆಂಬರ್ 17ರಿಂದ ಜನವರಿ 6ರವರೆಗೆ ಇಪ್ಪತ್ತೊಂದು ದಿನ ಯಾರೂ ದೇವಾಲಯಕ್ಕೆ ತಪ್ಪಿಸಿಕೊಳ್ಳಬಾರದು ಎಂದು ವಿಧಿಸಿತು. ಮುಂದೆ 5ನೆಯ ಶತಮಾನದಲ್ಲಿ ಇಂದಿನ ಫ್ರಾನ್ಸಿನ ತೂರ್ ಪಟ್ಟಣದ ಧರ್ಮಾಧ್ಯಕ್ಷ ಪೆರ್ಪೆತುವುಸ್, ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸವನ್ನು ಗೊತ್ತುಮಾಡಿದ. ಜನ ಇದನ್ನು ಸಂತ ಮಾರ್ಟಿನರ ತಪಸ್ಸುಕಾಲ ಎಂದೇ ಕರೆದರು. ಮಿಲಾನಿನ ಸಂಪ್ರದಾಯದಲ್ಲಿ ಇಂದಿಗೂ ಆಗಮನ ಕಾಲ ಆರು ವಾರಗಳದು. ರೋಮಿನಲ್ಲಿ ಅದು ನಾಲ್ಕು ಭಾನುವಾರಗಳಿಗೆ ನಿಂತಿತು; ಈ ರೂಪಕ್ಕೂ 590ರಿಂದ 604ರವರೆಗೆ ಜಗದ್ಗುರುವಾಗಿದ್ದ ಮಹಾ ಗ್ರೆಗರಿಗೂ ಪರಂಪರೆ ಸಂಬಂಧ ಕಲ್ಪಿಸುತ್ತದೆ.

ಇಲ್ಲಿ ಎರಡು ಧಾರೆಗಳನ್ನು ಗುರುತಿಸಬಹುದು. ಗಾಲ್ ನಾಡಿನ ಧಾರೆ ಉಪವಾಸದ್ದು, ಪಶ್ಚಾತ್ತಾಪದ್ದು. ರೋಮಿನ ಧಾರೆ ಹೆಚ್ಚಾಗಿ ಸಂತೋಷದ ನಿರೀಕ್ಷೆಯದು. ಇವೆರಡೂ ಬೆರೆತೇ ಇಂದಿನ ಆಗಮನ ಕಾಲ ಆಗಿದೆ. ಆರನೆಯ ಪೌಲ್ ಅವರ ಕಾಲದಲ್ಲಿ, 1969ರಲ್ಲಿ, ಪಂಚಾಂಗವನ್ನು ಪರಿಷ್ಕರಿಸಿದಾಗ ಧರ್ಮಸಭೆಯು ಈ ಕಾಲಕ್ಕೆ ಎರಡು ಮುಖಗಳಿವೆ ಎಂದು ಸ್ಪಷ್ಟಪಡಿಸಿತು. ಒಂದು, ಕ್ರಿಸ್ತನ ಮೊದಲ ಬರವನ್ನು ಸ್ಮರಿಸುವ ಹಬ್ಬಕ್ಕೆ ಸಿದ್ಧತೆ. ಇನ್ನೊಂದು, ಕಾಲಾಂತ್ಯದಲ್ಲಿ ಅವನ ಎರಡನೆಯ ಬರವಿನ ನಿರೀಕ್ಷೆ. ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರ ಇದರ ಆರಂಭ. ಹಾಗಾಗಿ ಅದು 22 ದಿನವೂ ಆಗಬಹುದು, 28 ದಿನವೂ ಆಗಬಹುದು. 2023ರಲ್ಲಿ ನಾಲ್ಕನೆಯ ಭಾನುವಾರ ಡಿಸೆಂಬರ್ 24ರಂದೇ ಬಿತ್ತು. ಬೆಳಿಗ್ಗೆ ಆಗಮನ ಕಾಲದ ಪೂಜೆ, ರಾತ್ರಿ ಕ್ರಿಸ್‌ಮಸ್!

ಕರ್ನಾಟಕದ ಮಟ್ಟಿಗೆ ಒಂದು ಮಾತು. ನಮ್ಮಲ್ಲಿರುವ ಕಥೋಲಿಕರೆಲ್ಲ ಒಂದೇ ವಿಧಿಯವರಲ್ಲ. ಬಹುಮಂದಿ ರೋಮನ್ ವಿಧಿಯವರಾದರೂ, ಕೇರಳ ಮೂಲದ ಸಿರೋ-ಮಲಬಾರ್ ಸಮುದಾಯವೂ ಇದೆ. 1999ರಲ್ಲಿ ಬೆಳ್ತಂಗಡಿಯಲ್ಲಿ ಅವರ ಧರ್ಮಪ್ರಾಂತ ಸ್ಥಾಪನೆಯಾಯಿತು. ಅವರ ಪಂಚಾಂಗದಲ್ಲಿ ಈ ಕಾಲಕ್ಕೆ ಸುಬಾರಾ, ಅಂದರೆ ಶುಭವಾರ್ತೆಯ ಕಾಲ, ಎಂದು ಹೆಸರು. ಡಿಸೆಂಬರ್ 1ರಿಂದ ಇಪ್ಪತ್ತೈದು ದಿನಗಳ ನೋಂಬು ಹಿಡಿದು ಮೀನು ಮಾಂಸ ಬಿಡುವ ವಾಡಿಕೆ ಅವರಲ್ಲಿ ಹಿಂದಿನಿಂದ ಬಂದದ್ದು.

ಈ ನಾಲ್ಕು ವಾರಗಳಲ್ಲಿ ಒಂದು ಕಥೋಲಿಕ ದೇವಾಲಯಕ್ಕೆ ಹೋದರೆ ಏನು ಕಾಣುತ್ತದೆ? ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ತೊಟ್ಟಿರುತ್ತಾರೆ. ಭಾನುವಾರದ ಪೂಜೆಯಲ್ಲಿ ಸಾಮಾನ್ಯವಾಗಿ ಹಾಡುವ ಮಹಿಮಾಗೀತೆ ಇರುವುದಿಲ್ಲ. ಕ್ರಿಸ್‌ಮಸ್ ರಾತ್ರಿ ದೇವದೂತರ ಹಾಡಾಗಿ ಅದು ಹೊಸದಾಗಿ ಕೇಳಲಿ ಎಂದು ಅದನ್ನು ಕಾದಿರಿಸುತ್ತಾರೆ. ಪೀಠದ ಹೂವಿನ ಅಲಂಕಾರ, ವಾದ್ಯ ಎಲ್ಲವೂ ಮಿತವಾಗಿರಬೇಕೆಂಬ ನಿಯಮವಿದೆ. ಆದರೆ ತಪಸ್ಸುಕಾಲದಲ್ಲಿ ಬಿಟ್ಟುಬಿಡುವ 'ಅಲ್ಲೆಲೂಯ' ಇಲ್ಲಿ ಉಳಿಯುತ್ತದೆ. ಮೂರನೆಯ ಭಾನುವಾರ ನೇರಳೆಯ ಬದಲು ಗುಲಾಬಿ ಬಣ್ಣ ಧರಿಸಬಹುದು. ಅದು ಆನಂದದ ಭಾನುವಾರ. ಕತ್ತಲು ಇನ್ನೂ ಹರಿದಿಲ್ಲ, ಆದರೆ ಮೂಡಣ ಕೆಂಪಾಗಿದೆ ಎಂಬಂತೆ.

ಬಣ್ಣಕ್ಕಿಂತ ಮುಖ್ಯವಾದದ್ದು ವಾಚನಗಳ ಕ್ರಮ. ಹೊಸಬರಿಗೆ ಇದು ವಿಚಿತ್ರವಾಗಿ ತೋರಬಹುದು. ಮಗುವಿನ ಜನನಕ್ಕೆ ಸಿದ್ಧವಾಗುವ ಕಾಲದ ಮೊದಲ ಭಾನುವಾರ ಓದುವ ಶುಭಸಂದೇಶದಲ್ಲಿ ಮಗುವೂ ಇಲ್ಲ, ತಾಯಿಯೂ ಇಲ್ಲ. ಲೋಕದ ಅಂತ್ಯದ ಮಾತಿದೆ. ಎಚ್ಚರವಾಗಿರಿ, ಒಡೆಯ ಯಾವ ಗಳಿಗೆಯಲ್ಲಿ ಬರುವನೋ ತಿಳಿಯದು ಎಂಬ ತಾಕೀತು ಇದೆ. ಎರಡನೆಯ ಮತ್ತು ಮೂರನೆಯ ಭಾನುವಾರ ಸ್ನಾನಿಕ ಯೊವಾನ್ನನ ಸರದಿ. ನಾಲ್ಕನೆಯ ಭಾನುವಾರ ಮಾತ್ರ ಮರಿಯ ಮತ್ತು ಜೋಸೆಫರು ಬರುತ್ತಾರೆ. ಅಂದರೆ ಕಥೆಯನ್ನು ಕೊನೆಯಿಂದ ಮೊದಲಿಗೆ ಹೇಳಲಾಗುತ್ತದೆ.

ಏಕೆ ಹೀಗೆ? ಬೆತ್ಲೆಹೇಮಿನ ಮಗು ಎಲ್ಲರಿಗೂ ಪ್ರಿಯ. ಮಗುವಿನ ಮುಂದೆ ನಾವು ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಅದೇ ಮಗು ಒಂದು ದಿನ ನ್ಯಾಯಾಧೀಶನಾಗಿ ಬಂದು, ನಾನು ಹಸಿದಿದ್ದಾಗ ನೀನು ಎಲ್ಲಿದ್ದೆ ಎಂದು ಕೇಳುವನು ಎಂಬುದು ಕ್ರೈಸ್ತ ನಂಬಿಕೆ. ಆ ಪ್ರಶ್ನೆಯನ್ನು ಮೊದಲು ಕೇಳಿಸಿ, ಅನಂತರ ಮಗುವನ್ನು ತೋರಿಸುವುದು ಈ ಕಾಲದ ವಿವೇಕ. ಇಲ್ಲವಾದರೆ ಹಬ್ಬ ಬರಿಯ ಗೊಂಬೆಯಾಟವಾದೀತು.

ಕಾಯುವುದು ಎಂದರೆ ಕೈಕಟ್ಟಿ ಕೂರುವುದೇ? ನಮ್ಮ ನಾಡಿನ ಜನರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ರಾಮನಿಗಾಗಿ ಕಾದ ಶಬರಿಯನ್ನು ನಾವು ನೆನೆಯುವುದೇ ಅವಳು ದಾರಿ ಗುಡಿಸಿದ್ದಕ್ಕಾಗಿ, ಹಣ್ಣು ಆಯ್ದು ಇಟ್ಟದ್ದಕ್ಕಾಗಿ. ಆಗಮನ ಕಾಲದಲ್ಲಿ ದಾರಿ ಗುಡಿಸುವ ಕೆಲಸವನ್ನು ಹೇಳಿಕೊಡುವವನು ಸ್ನಾನಿಕ ಯೊವಾನ್ನ. ಲೂಕನು ಬರೆದ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ಜನ ಅವನ ಬಳಿ ಬಂದು, ಹಾಗಾದರೆ ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಅವನು ದೊಡ್ಡ ಸಿದ್ಧಾಂತವನ್ನೇನೂ ಹೇಳುವುದಿಲ್ಲ. ಎರಡು ಅಂಗಿ ಇರುವವನು ಒಂದನ್ನು ಇಲ್ಲದವನಿಗೆ ಕೊಡಬೇಕು. ಸುಂಕ ವಸೂಲಿ ಮಾಡುವವನು ಗೊತ್ತಾದ ಮೊತ್ತಕ್ಕಿಂತ ಹೆಚ್ಚು ಕೀಳಬಾರದು. ಸಿಪಾಯಿ ಯಾರನ್ನೂ ಹೆದರಿಸಿ ಸುಲಿಯಬಾರದು, ತನ್ನ ಸಂಬಳದಲ್ಲಿ ತೃಪ್ತನಾಗಿರಬೇಕು. ಇಷ್ಟೇ. ಉದ್ಯೋಗ ಬಿಟ್ಟು ಕಾಡಿಗೆ ಬನ್ನಿ ಎಂದು ಕಾಡಿನಲ್ಲಿದ್ದ ಯೊವಾನ್ನ ಯಾರಿಗೂ ಹೇಳಲಿಲ್ಲ. ಅವರವರ ಕಚೇರಿಯಲ್ಲಿ, ಅವರವರ ಗಲ್ಲಾಪೆಟ್ಟಿಗೆಯ ಮುಂದೆ ನ್ಯಾಯವಾಗಿರಿ ಎಂದ. ಹಬ್ಬಕ್ಕೆ ಮುಂಚೆ ಪಾಪನಿವೇದನೆ ಮಾಡಬೇಕೆಂಬ ಕಥೋಲಿಕರ ರೂಢಿಗೂ ಅರ್ಥ ಬರುವುದು ಈ ಪಟ್ಟಿಯನ್ನು ಕೈಯಲ್ಲಿ ಹಿಡಿದಾಗಲೇ.

ಎರಡು ಬರವುಗಳ ಮಾತು ಹೇಳಿದೆ. 12ನೆಯ ಶತಮಾನದ ಸಂತ, ಕ್ಲೇರ್ವೊ ಮಠದ ಬರ್ನಾರ್ಡ್, ತನ್ನ ಆಗಮನ ಕಾಲದ ಪ್ರವಚನಗಳಲ್ಲಿ ಇವೆರಡರ ನಡುವೆ ಮೂರನೆಯದೊಂದನ್ನು ಕಂಡ. ಮೊದಲ ಬರವು ನರದೇಹದಲ್ಲಿ, ಎಲ್ಲರಿಗೂ ಕಂಡಿತು. ಕೊನೆಯದು ಮಹಿಮೆಯಲ್ಲಿ, ಎಲ್ಲರಿಗೂ ಕಾಣುವುದು. ನಡುವಿನದು ಮಾತ್ರ ಗುಪ್ತವಾದದ್ದು. ಅದು ನಡೆಯುವುದು ಮನುಷ್ಯನ ಅಂತರಂಗದಲ್ಲಿ, ಇಂದು. ಈ ನಡುವಿನ ಬರವು ತಪ್ಪಿದರೆ ಹಿಂದಿನದು ಕೇವಲ ಇತಿಹಾಸ, ಮುಂದಿನದು ಕೇವಲ ಭಯ. ಬರ್ನಾರ್ಡನ ಈ ವಿಚಾರಕ್ಕೆ ನಿಜವಾದ ಪರೀಕ್ಷೆ ಎಂಥದು ಎಂಬುದನ್ನು ತೋರಿಸಲು, ನಮಗೆ ಹೆಚ್ಚು ಹತ್ತಿರದ ಕಾಲದ ಒಬ್ಬ ವ್ಯಕ್ತಿಯ ವಿಷಯ ಹೇಳಬೇಕು.

ಆಲ್ಫ್ರೆಡ್ ಡೆಲ್ಪ್ ಜರ್ಮನಿಯ ಯೇಸುಸಭೆಯ ಗುರು. ಹುಟ್ಟಿದ್ದು 1907ರಲ್ಲಿ. ಎರಡನೆಯ ಮಹಾಯುದ್ಧದ ಕಾಲಕ್ಕೆ ಮ್ಯೂನಿಕ್ ನಗರದಲ್ಲಿದ್ದರು. ಹಿಟ್ಲರನ ಆಳ್ವಿಕೆ ಮುಗಿದ ಮೇಲೆ ಜರ್ಮನಿಯನ್ನು ನ್ಯಾಯದ ತಳಹದಿಯ ಮೇಲೆ ಮತ್ತೆ ಕಟ್ಟುವುದು ಹೇಗೆಂದು ಗುಟ್ಟಾಗಿ ಚರ್ಚಿಸುತ್ತಿದ್ದ ಕ್ರೈಸಾವ್ ಬಳಗದಲ್ಲಿ ಅವರೂ ಒಬ್ಬರು. ಕಾರ್ಮಿಕರ ಪ್ರಶ್ನೆಗಳಲ್ಲಿ ಅವರಿಗೆ ವಿಶೇಷ ಆಸಕ್ತಿ. 1944ರ ಜುಲೈ 20ರಂದು ಹಿಟ್ಲರನ ಕೊಲೆಯತ್ನ ವಿಫಲವಾಯಿತು. ಎಂಟು ದಿನಗಳ ಬಳಿಕ ಡೆಲ್ಪ್ ಬಂಧಿತರಾದರು. ಆ ವರ್ಷದ ಆಗಮನ ಕಾಲ ಆರಂಭವಾದಾಗ ಅವರು ಬರ್ಲಿನ್ನಿನ ತೇಗೆಲ್ ಸೆರೆಮನೆಯಲ್ಲಿದ್ದರು. ಕೈಗಳಿಗೆ ಕೋಳ. ಹೊರಗೆ ಬಾಂಬು ದಾಳಿ. ಮುಂದೆ ವಿಚಾರಣೆ, ಅದರ ತೀರ್ಪು ಏನಾಗಬಹುದೆಂದು ಊಹಿಸುವುದು ಕಷ್ಟವಿರಲಿಲ್ಲ.

ಕೋಳ ತೊಟ್ಟ ಆ ಕೈಗಳಿಂದಲೇ ಡೆಲ್ಪ್ ಆಗಮನ ಕಾಲದ ಭಾನುವಾರಗಳ ಬಗ್ಗೆ ಚಿಂತನೆಗಳನ್ನು ಬರೆದರು. ಕೈದಿಗಳ ಬಟ್ಟೆ ಒಗೆಯಲು ಒಯ್ಯುತ್ತಿದ್ದ ಧೈರ್ಯವಂತ ಮಹಿಳೆಯರು ಆ ಚೀಟಿಗಳನ್ನು ಕಾವಲಿನವರ ಕಣ್ಣು ತಪ್ಪಿಸಿ ಹೊರಗೆ ಸಾಗಿಸಿದರು. ಅವರ ವಿಚಾರದ ಸಾರ ಇಷ್ಟು: ಆಗಮನ ಕಾಲ ಮನುಷ್ಯನನ್ನು ಹಿಡಿದು ಅಲುಗಾಡಿಸುವ ಕಾಲ. ತಾನು ಭದ್ರವೆಂದು ನಂಬಿದ್ದು ಭದ್ರವಲ್ಲ ಎಂಬ ಸತ್ಯವನ್ನು ಒಪ್ಪದವನಿಗೆ ಬೆಳಕಿನ ಅಗತ್ಯವೇ ತಿಳಿಯದು. ನಡುಗಿದ ಮೇಲೆಯೇ ಎಚ್ಚರ; ಎಚ್ಚರವಾದ ಮೇಲೆಯೇ ಸಂತೋಷ. ಕೋಣೆಯಲ್ಲಿ ಮೂರು ಹೆಜ್ಜೆ ಆಚೆ, ಮೂರು ಹೆಜ್ಜೆ ಈಚೆ ನಡೆಯುತ್ತಿದ್ದ ಮನುಷ್ಯ ಇದನ್ನು ಬರೆದರು ಎಂಬುದನ್ನು ಮರೆಯಬಾರದು. ಹಿಂದಿನ ವರ್ಷ ಅದೇ ಸೆರೆಮನೆಯಲ್ಲಿ ಲೂಥರನ್ ಪಾದ್ರಿ ಡೀಟ್ರಿಕ್ ಬೊನ್ಹಾಫರ್ ಕೂಡ ತಮ್ಮ ಕೋಣೆಯನ್ನು ಆಗಮನ ಕಾಲಕ್ಕೆ ಹೋಲಿಸಿದ್ದರು. ಎರಡರಲ್ಲೂ ಬಾಗಿಲು ತೆರೆಯಬೇಕಾದದ್ದು ಹೊರಗಿನಿಂದ.

1944ರ ಡಿಸೆಂಬರ್ 8ರಂದು ಡೆಲ್ಪ್ ಸೆರೆಮನೆಯಲ್ಲಿಯೇ ತಮ್ಮ ಅಂತಿಮ ವ್ರತಗಳನ್ನು ಸ್ವೀಕರಿಸಿದರು. 1945ರ ಜನವರಿಯಲ್ಲಿ ಮರಣದಂಡನೆ ವಿಧಿಸಲಾಯಿತು. ಫೆಬ್ರವರಿ 2ರಂದು ಅವರನ್ನು ಗಲ್ಲಿಗೇರಿಸಿದರು. ಆಗ ಅವರಿಗೆ ಮೂವತ್ತೇಳು ವರ್ಷ. ಫೆಬ್ರವರಿ 2 ಧರ್ಮಸಭೆಯ ಪಂಚಾಂಗದಲ್ಲಿ ಯೇಸುಬಾಲನನ್ನು ದೇವಾಲಯದಲ್ಲಿ ಸಮರ್ಪಿಸಿದ ದಿನ. ಜೀವಮಾನವೆಲ್ಲ ಕಾದಿದ್ದ ಮುದುಕ ಸಿಮೆಯೋನನು ಮಗುವನ್ನು ಕೈಗೆತ್ತಿಕೊಂಡು, ಇನ್ನು ನಾನು ಸಮಾಧಾನದಿಂದ ಹೋಗಬಹುದು ಎಂದ ದಿನ.

ಡೆಲ್ಪರಿಗೆ ಬಾಗಿಲು ತೆರೆಯಲಿಲ್ಲವಲ್ಲ, ಹಾಗಾದರೆ ಅವರ ಕಾಯುವಿಕೆ ವ್ಯರ್ಥವಾಯಿತೇ ಎಂದು ನೀವು ಕೇಳಬಹುದು. ಇದು ಸುಲಭದ ಪ್ರಶ್ನೆಯಲ್ಲ. ಬಿಡುಗಡೆಯಾಗಬೇಕೆಂದು ಅವರು ಕೊನೆಯವರೆಗೂ ಆಸೆಪಟ್ಟರು, ಪ್ರಾರ್ಥಿಸಿದರು. ಅದು ಆಗಲಿಲ್ಲ. ಇಲ್ಲಿ ನಂಬಿಕೆ ಎಂಬುದಕ್ಕೂ ನಿರೀಕ್ಷೆ ಫಲಿಸುತ್ತದೆ ಎಂಬ ಲೆಕ್ಕಾಚಾರಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ಕೇಳಿದ್ದು ಸಿಗುವುದೆಂಬ ಖಾತರಿಯಿಂದ ಕಾಯುವುದು ಬಸ್ಸಿಗೆ ಕಾದಂತೆ. ಬರುವವನ ಮೇಲಿನ ವಿಶ್ವಾಸದಿಂದ, ಅವನು ಯಾವ ರೂಪದಲ್ಲಿ ಬಂದರೂ ಸರಿ ಎಂದು ಕಾಯುವುದು ಬೇರೆ. ಬರ್ನಾರ್ಡ್ ಹೇಳಿದ ನಡುವಿನ ಬರವು ಆ ಕೋಣೆಯಲ್ಲಿ ಆಗಿತ್ತು ಎಂಬುದಕ್ಕೆ ಡೆಲ್ಪರ ಬರಹಗಳೇ ಸಾಕ್ಷಿ. ಅವನ್ನು ಒಪ್ಪುವುದೂ ಬಿಡುವುದೂ ಓದುವವರಿಗೆ ಬಿಟ್ಟದ್ದು. ಆದರೆ ಅವು ಹಗುರಾದ ಸಾಕ್ಷ್ಯವಲ್ಲ.

ಇಂಥ ಭಾರವಾದ ವಿಚಾರಗಳನ್ನು ಮಕ್ಕಳಿಗೆ, ಓದುಬರಹ ಬಾರದವರಿಗೆ ತಲುಪಿಸಿದ್ದು ಆಚರಣೆಗಳು. ಹಸಿರು ಎಲೆಗಳ ಉಂಗುರದಲ್ಲಿ ನಾಲ್ಕು ಮೇಣದಬತ್ತಿ ಇಟ್ಟು ವಾರಕ್ಕೊಂದರಂತೆ ಹಚ್ಚುವ ಪದ್ಧತಿ ಈಗ ನಮ್ಮ ಚರ್ಚುಗಳಲ್ಲೂ ಇದೆ. ಇದರ ಮೂಲ ಕಥೋಲಿಕವಲ್ಲ. 1839ರಲ್ಲಿ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಲೂಥರನ್ ಪಾದ್ರಿ ಯೋಹಾನ್ ಹಿನ್ರಿಕ್ ವಿಕೆರ್ನ್, ಕ್ರಿಸ್‌ಮಸ್ ಯಾವಾಗ ಎಂದು ಪೀಡಿಸುತ್ತಿದ್ದ ಹುಡುಗರಿಗಾಗಿ ಬಂಡಿಯ ಗಾಲಿಯೊಂದಕ್ಕೆ ಮೇಣದಬತ್ತಿಗಳನ್ನು ಜೋಡಿಸಿದರೆಂದು ಹೇಳುತ್ತಾರೆ. ಭಾನುವಾರಕ್ಕೆ ದೊಡ್ಡದು, ಉಳಿದ ದಿನಗಳಿಗೆ ಚಿಕ್ಕದು. ಕಥೋಲಿಕರು ಇದನ್ನು 20ನೆಯ ಶತಮಾನದಲ್ಲಿ ತಮ್ಮದಾಗಿಸಿಕೊಂಡರು. ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಡಿಸೆಂಬರ್ 16ರಿಂದ ಒಂಬತ್ತು ದಿನ ಬೆಳಗಾಗುವ ಮುಂಚೆಯೇ ಜನ ಪೂಜೆಗೆ ಸೇರುತ್ತಾರೆ. ಧನುರ್ಮಾಸದ ನಸುಕಿನ ಪೂಜೆಯನ್ನು ಬಲ್ಲ ನಮಗೆ ಆ ಚಳಿ, ಆ ದೀಪ ಅರ್ಥವಾಗದ್ದಲ್ಲ.

ಸನ್ಯಾಸಿಗಳ ಮಠಗಳಲ್ಲಿ ಇನ್ನೂ ಹಳೆಯ ಒಂದು ಪದ್ಧತಿ ಇದೆ. ಡಿಸೆಂಬರ್ 17ರಿಂದ 23ರವರೆಗೆ ಸಂಜೆಯ ಪ್ರಾರ್ಥನೆಯಲ್ಲಿ ದಿನಕ್ಕೊಂದು ಹೆಸರಿನಿಂದ ಬರಲಿರುವವನನ್ನು ಕರೆಯುತ್ತಾರೆ. ಜ್ಞಾನ, ಒಡೆಯ, ಜೆಸ್ಸೆಯ ಬೇರು, ದಾವೀದನ ಕೀಲಿಕೈ, ಉದಯ, ಜನಾಂಗಗಳ ಅರಸ, ಇಮ್ಮಾನುವೇಲ ಎಂಬ ಈ ಏಳು ಹೆಸರುಗಳ ಲ್ಯಾಟಿನ್ ಮೊದಲಕ್ಷರಗಳನ್ನು ಕೊನೆಯಿಂದ ಓದಿದರೆ 'ಎರೋ ಕ್ರಾಸ್' ಎಂದಾಗುತ್ತದೆ. 'ನಾಳೆ ನಾನು ಇರುವೆ' ಎಂದರ್ಥ. ಏಳು ದಿನ ಕರೆದದ್ದಕ್ಕೆ ಉತ್ತರ ಆ ಕರೆಯೊಳಗೇ ಅಡಗಿದೆ.

ಇನ್ನು ಗೋದಲಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹಬ್ಬಕ್ಕೆ ಸುಮಾರು ಹದಿನೈದು ದಿನ ಮುಂಚೆ ಒಬ್ಬ ಪರಿಚಿತನಿಗೆ ಹೇಳಿ ಮೇವಿನ ತೊಟ್ಟಿ, ಹುಲ್ಲು, ಎತ್ತು, ಕತ್ತೆ ಇವನ್ನು ಸಿದ್ಧಪಡಿಸಿದರು. ಅಲ್ಲಿ ಬೊಂಬೆಗಳಿರಲಿಲ್ಲ, ಆ ತೊಟ್ಟಿಯ ಬಳಿಯೇ ಬಲಿಪೂಜೆ ನಡೆಯಿತು. ಇಂದಿಗೂ ಅನೇಕ ಮನೆಗಳಲ್ಲಿ ಗೋದಲಿ ಕಟ್ಟಿದರೂ ಕ್ರಿಸ್‌ಮಸ್ ರಾತ್ರಿಯವರೆಗೆ ಬಾಲಯೇಸುವಿನ ಜಾಗವನ್ನು ಬರಿದಾಗಿ ಬಿಡುತ್ತಾರೆ. ನಮ್ಮ ಕರಾವಳಿಯ ಮನೆಗಳಲ್ಲಿ ಗೋದಲಿಯ ಹೊಲಕ್ಕಾಗಿ ಕೆಲವು ದಿನ ಮುಂಚೆಯೇ ತಟ್ಟೆಯಲ್ಲಿ ಕಾಳು ಬಿತ್ತಿ ಮೊಳಕೆ ಬರಿಸುವುದುಂಟು. ಮಕ್ಕಳು ದಿನವೂ ನೀರು ಚಿಮುಕಿಸಿ ಎಷ್ಟು ಬೆಳೆದಿದೆ ಎಂದು ನೋಡುತ್ತಾರೆ. ಎಳೆದು ಉದ್ದ ಮಾಡಲಾಗದು, ನೀರು ಹಾಕದೆ ಇರಲೂ ಆಗದು.

ಇಂದಿನ ಪರಿಸ್ಥಿತಿ ಬೇರೆ ಎನ್ನುವಿರಿ. ನವೆಂಬರಿನಲ್ಲೇ ಅಂಗಡಿಗಳಲ್ಲಿ ಕ್ರಿಸ್‌ಮಸ್ ಬಂದಿರುತ್ತದೆ. ಡಿಸೆಂಬರ್ 26ಕ್ಕೆ ಅಲ್ಲಿಂದ ಹೊರಟೂ ಹೋಗಿರುತ್ತದೆ. ವ್ಯಾಪಾರಿಗಳನ್ನು ಬೈದು ಪ್ರಯೋಜನವಿಲ್ಲ, ಅವರು ಅವರ ಕೆಲಸ ಮಾಡುತ್ತಿದ್ದಾರೆ. ತಿಂಡಿ ಮಾಡುವುದನ್ನೂ ಕೀಳಾಗಿ ಕಾಣಬೇಕಿಲ್ಲ. ಮಂಗಳೂರಿನ ಕಡೆ ಮನೆಮಂದಿಯೆಲ್ಲ ಕೂತು ಕುಸ್ವಾರ್ ತಿಂಡಿಗಳನ್ನು ಮಾಡುವುದರಲ್ಲಿ, ಅದನ್ನು ಧರ್ಮಭೇದವಿಲ್ಲದೆ ನೆರೆಹೊರೆಗೆ ಹಂಚುವುದರಲ್ಲಿ ಒಂದು ಸೊಗಸಾದ ಸಿದ್ಧತೆ ಇದೆ. ಪ್ರಶ್ನೆ ಇಷ್ಟೇ: ಆ ತಟ್ಟೆ ಯಾರ ಮನೆಗೆ ಹೋಗುತ್ತದೆ? ಮರಳಿ ತಟ್ಟೆ ಕಳಿಸಬಲ್ಲವರಿಗೆ ಮಾತ್ರವೇ, ಅಥವಾ ಕಳಿಸಲಾಗದವರಿಗೂ? ಮಾತು ಬಿಟ್ಟ ಅಣ್ಣನ ಮನೆಗೆ ಹೋಗುತ್ತದೆಯೇ? ಹಬ್ಬದ ದಿನವೂ ಮನೆಗೆಲಸಕ್ಕೆ ಬರಬೇಕಾದ ಹೆಂಗಸಿಗೆ ರಜೆ, ಪೂರ್ತಿ ಸಂಬಳ ಸಿಗುತ್ತದೆಯೇ? ಯೊವಾನ್ನ ಇಂದು ಬಂದರೆ ಬಹುಶಃ ಇಂಥವನ್ನೇ ಕೇಳಿಯಾನು.

ಹಳೆಯ ಸಾಲ ತೀರಿಸಲು, ಕಡಿದ ಮಾತನ್ನು ಮತ್ತೆ ಜೋಡಿಸಲು, ದಿನಕ್ಕೆ ಹತ್ತು ನಿಮಿಷ ಸುಮ್ಮನೆ ಕೂತು ಪ್ರಾರ್ಥಿಸಲು ನಾಲ್ಕು ವಾರ ಧಾರಾಳವಾಯಿತು. ಆದರೆ ಒಂದೇ ದಿನದಲ್ಲಿ ಇವೆಲ್ಲ ಆಗುವಂಥವಲ್ಲ. ಧರ್ಮಸಭೆ ಹಬ್ಬಕ್ಕೆ ಮುಂಚೆ ನಾಲ್ಕು ವಾರಗಳ ಕಾಲಾವಕಾಶ ಇಟ್ಟಿರುವುದು ಅದಕ್ಕಾಗಿಯೇ. ಡಿಸೆಂಬರ್ 24ರ ರಾತ್ರಿ ಗಂಟೆ ಬಾರಿಸಿದಾಗ ಗೋದಲಿಯಲ್ಲಿ ಮಗುವನ್ನು ಇಡಲು ಜಾಗ ಬರಿದಾಗಿರಬೇಕು. ಮನೆಯಲ್ಲೂ, ಮನಸ್ಸಿನಲ್ಲೂ ಅಷ್ಟು ಜಾಗ ಉಳಿಸಿಕೊಂಡವರಿಗೆ ಕ್ರಿಸ್‌ಮಸ್ ಶುಭವಾಗಲಿ.